ನಾಲ್ಕು ಬಾಯಿ, ನಲವತ್ತೆಂಟು ಗಂಟೆ

ಗುರುವಾರ ಬೆಳಿಗ್ಗೆ ಹತ್ತಕ್ಕೆ ಇಟ್ಟ ಪ್ಲೇಟುಗಳನ್ನು ಶನಿವಾರ ಬೆಳಿಗ್ಗೆ ಹತ್ತಕ್ಕೇ ತೆಗೆಯಬೇಕು. ಹನ್ನೊಂದು ವರ್ಷದಿಂದ ನನಗೆ ಗೊತ್ತಿರುವ ವಿಷಯ ಇದು. ಹೊಸದಾಗಿ ಬಂದ ವಿದ್ಯಾರ್ಥಿಗಳು ತಾಳ್ಮೆಯಿಲ್ಲದೆ ಮಧ್ಯದಲ್ಲಿ ಇಣುಕಿದರೆ ಅವರ ಕಿವಿ ಹಿಂಡುವವಳೇ ನಾನು. ಆದರೂ ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಪ್ಲೇಟುಗಳನ್ನು ಇಟ್ಟ ಬೆಚ್ಚಗಿನ ಪೆಟ್ಟಿಗೆಯ ಬಾಗಿಲನ್ನು ಮೂರು ಸಲ ತೆರೆದಾಗಿತ್ತು.

ನಾನು ಕೆಲಸ ಮಾಡುವುದು ಹಲ್ಲಿನ ಆಸ್ಪತ್ರೆಯ ಲ್ಯಾಬಿನಲ್ಲಿ. ಶಾಲೆ ಮಕ್ಕಳ ಬಾಯಿಯಿಂದ ಎಂಜಲು ತೆಗೆದು, ಹಲ್ಲು ಹುಳುಕು ಮಾಡುವ ಕ್ರಿಮಿಯನ್ನು ಗಾಜಿನ ಪ್ಲೇಟಿನಲ್ಲಿ ಬೆಳೆಸಿ ಎಣಿಸುವುದು ನನ್ನ ಕೆಲಸ. ಎಂಜಲು ಎಣಿಸುವವಳು ಎಂದು ನನ್ನ ಗಂಡ ನೆಂಟರ ಮುಂದೆ ತಮಾಷೆ ಮಾಡುತ್ತಾರೆ. ಆ ವಾರ ಪೆಟ್ಟಿಗೆಯಲ್ಲಿದ್ದ ಪ್ಲೇಟುಗಳಲ್ಲಿ ನಾಲ್ಕು ಯಾವ ಶಾಲೆಗೂ ಸೇರಿದವಲ್ಲ. ಒಂದು ನನ್ನ ಮಗಳದು, ಒಂದು ನನ್ನ ಗಂಡನದು, ಒಂದು ನನ್ನದು. ಇನ್ನೊಂದು ನನ್ನ ಅತ್ತೆಯದು. ಉಳಿದ ಮೂರೂ ಹೆಸರಿಗೆ ಮಾತ್ರ. ನಾನು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದದ್ದು ಅತ್ತೆಯ ಪ್ಲೇಟಿಗಾಗಿ.

ಮಗಳಿಗೆ ನಾಲ್ಕೂವರೆ ವರ್ಷ. ಹುಟ್ಟಿದಾಗ ಅಂಗೈಯಗಲ ಇದ್ದಳು, ಅದಕ್ಕೇ ಮನೆಯಲ್ಲಿ ಎಲ್ಲರಿಗೂ ಅವಳು ಗುಬ್ಬಿ. ಎರಡು ವಾರದ ಹಿಂದೆ ಒಂದು ಬೆಳಿಗ್ಗೆ ಅವಳ ಬಲಗೆನ್ನೆ ಊದಿಕೊಂಡು ಕಣ್ಣು ಅರ್ಧ ಮುಚ್ಚಿಹೋಗಿತ್ತು. ನಮ್ಮ ಆಸ್ಪತ್ರೆಯಲ್ಲೇ ಎರಡನೇ ಮಹಡಿಯ ಮಕ್ಕಳ ಹಲ್ಲಿನ ಡಾಕ್ಟರಿಗೆ ತೋರಿಸಿದೆ. ಅವರು ಗುಬ್ಬಿಯ ಮೇಲ್ತುಟಿಯನ್ನು ಬೆರಳಲ್ಲಿ ಎತ್ತಿದರು. ಮುಂದಿನ ನಾಲ್ಕು ಹಲ್ಲು ಒಸಡಿನ ಹತ್ತಿರ ಕಂದು ಬಣ್ಣಕ್ಕೆ ತಿರುಗಿ, ಅಂಚು ಮುರಿದುಹೋಗಿದ್ದವು. ಹಿಂದೆ ಎರಡು ದವಡೆ ಹಲ್ಲು ನರದ ತನಕ ಕೊರೆದುಹೋಗಿದ್ದವು. ಪ್ರಜ್ಞೆ ತಪ್ಪಿಸಿ ನಾಲ್ಕನ್ನು ಕೀಳಬೇಕು, ಎರಡನ್ನು ತುಂಬಬೇಕು, ಮುಂದಿನ ತಿಂಗಳ ಮೊದಲ ಸೋಮವಾರ ಎಂದರು.

"ಹುಟ್ಟಿದ ಮಗು ಬಾಯಲ್ಲಿ ಈ ಕ್ರಿಮಿ ಇರಲ್ಲ, ನಿಮಗೆ ಗೊತ್ತೇ ಇದೆಯಲ್ಲ," ಎಂದರು ಡಾಕ್ಟರು. "ಯಾರದೋ ಬಾಯಿಂದ ಬರುತ್ತೆ. ಊದಿ ಕೊಡೋದು, ಅದೇ ಚಮಚದಲ್ಲಿ ರುಚಿ ನೋಡಿ ಕೊಡೋದು. ಮನೇಲಿ ಇವಳಿಗೆ ಊಟ ಮಾಡಿಸೋರು ಯಾರು?"

"ನಮ್ಮತ್ತೆ," ಎಂದೆ. ಅವರ ಪ್ರಶ್ನೆ ಮುಗಿಯುವ ಮೊದಲೇ ಅಂದಿರಬೇಕು.

"ಸಿಹಿ ಎಷ್ಟು ತಿಂತಾಳೆ?"

"ಎಲ್ಲ ಮಕ್ಕಳ ಹಾಗೇ," ಎಂದು ತೇಲಿಸಿಬಿಟ್ಟೆ.

ಮನೆಗೆ ಬರುವಾಗ ಬಸ್ಸಿನಲ್ಲಿ ಸೀಟು ಸಿಕ್ಕರೂ ಕೂರಲಾಗಲಿಲ್ಲ. ನನ್ನ ಸ್ವಭಾವವೇ ಅದು, ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಆ ಸಂಜೆ ಗುಬ್ಬಿಯ ಊಟದ ಹೊತ್ತಿಗೆ ಸರಿಯಾಗಿ ಅಡುಗೆಮನೆಗೆ ಹೋದೆ. ಅತ್ತೆ ಬೇಯಿಸಿದ ಆಲೂಗಡ್ಡೆಯನ್ನು ಹಿಸುಕಿ, ಚಮಚದ ತುದಿಯನ್ನು ತುಟಿಗೆ ತಾಗಿಸಿ ಬಿಸಿ ನೋಡಿ, ಮೊಮ್ಮಗಳ ಬಾಯಿಗೆ ಇಡುತ್ತಿದ್ದರು. ದಿನಾ ಕಣ್ಣೆದುರಿಗೇ ನಡೆಯುತ್ತಿದ್ದದ್ದು. ಅವತ್ತು ಅದನ್ನು ನೋಡಿ ಮೈ ಉರಿದುಹೋಯಿತು. ಚಮಚ ಕಿತ್ತುಕೊಂಡೆ.

"ನಿಮ್ಮ ಬಾಯಲ್ಲಿರೋ ಹುಳಾನೇ ನನ್ನ ಮಗಳ ಹಲ್ಲು ತಿಂದಿರೋದು," ಎಂದೆ.

ಗುಬ್ಬಿ ಬಾಯಿ ತೆರೆದುಕೊಂಡೇ ಕೂತಿದ್ದಳು, ತುತ್ತಿಗಾಗಿ. ಅತ್ತೆ ನನ್ನ ಕೈಯಿಂದ ಚಮಚ ತೆಗೆದುಕೊಂಡು ತೊಳೆದರು. ನೀರು ಕಾಯಿಸಿ ಅದರಲ್ಲಿ ಮತ್ತೆ ಅದ್ದಿದರು. ಮಾರನೇ ದಿನದಿಂದ ತಮಗೆ ಬೇರೆ ತಟ್ಟೆ, ಬೇರೆ ಲೋಟ, ಬೇರೆ ಚಮಚ ಇಟ್ಟುಕೊಂಡರು. ಗುಬ್ಬಿಗೆ ಊಟ ಮಾಡಿಸುವುದನ್ನು ಬಿಟ್ಟೇಬಿಟ್ಟರು. ಮೂರನೇ ದಿನ ನನ್ನ ನಾದಿನಿಗೆ ಫೋನು ಮಾಡಿ, "ಆಪರೇಷನ್‌ಗೆ ಮುಂಚೆ ಬಂದು ಕರ್ಕೊಂಡು ಹೋಗು, ಮಗು ಹತ್ರ ನಾನಿರಬಾರ್ದು," ಎಂದದ್ದು ಗೋಡೆಯಾಚೆಯಿಂದ ಕೇಳಿಸಿತು. ಆಪರೇಷನ್ನಿನ ಹಿಂದಿನ ಶನಿವಾರ ಸಂಜೆ ನಾಲ್ಕಕ್ಕೆ ಬರುತ್ತೇನೆ ಎಂದಳಂತೆ ನಾದಿನಿ.

ಗಂಡ ಲಿಫ್ಟ್ ರಿಪೇರಿ ಮಾಡುವವರು. ಮಾತು ಕಡಿಮೆ. ಅವತ್ತು ಮಾತ್ರ ಊಟದ ತಟ್ಟೆ ಪಕ್ಕಕ್ಕೆ ಸರಿಸಿ ಕೇಳಿದರು. "ಲ್ಯಾಬಲ್ಲಿ ಕೆಲಸ ಮಾಡೋಳು ನೀನು. ಅಷ್ಟು ದೊಡ್ಡ ಮಾತನ್ನ ನೋಡದೇ ಆಡಿದ್ಯಾ?"

"ನೋಡ್ತೀನಿ ರೀ. ನೋಡಿ, ತಂದು ನಿಮ್ಮ ಮುಂದೆ ಇಡ್ತೀನಿ," ಎಂದೆ.

ಅತ್ತೆ ಮನೆ ಬಿಟ್ಟು ಹೋಗಲಿ ಎಂಬ ಆಸೆ ನನಗಿರಲಿಲ್ಲ. ಅವರು ಹೋದರೆ ಬೆಳಿಗ್ಗೆ ಏಳರ ಬಸ್ಸಿಗೆ ಓಡುವ ನಾನು ಮಗುವನ್ನು ಯಾರ ಕೈಗೆ ಕೊಡಲಿ? ನನಗೆ ಬೇಕಾಗಿದ್ದದ್ದು ಒಂದೇ, ಆಡಿದ ಮಾತು ಸರಿ ಎಂದಾಗಬೇಕು. ಅದು ಸುಳ್ಳಾದರೆ ಅರವತ್ತೆಂಟು ವರ್ಷದ ಹೆಂಗಸನ್ನು ಮೊಮ್ಮಗಳ ಹಲ್ಲು ತಿಂದವಳು ಎಂಬ ಹೆಸರಿಟ್ಟು ಮನೆಯಿಂದ ಕಳಿಸಿದವಳು ನಾನಾಗುತ್ತಿದ್ದೆ.

ಗುರುವಾರ ಬೆಳಿಗ್ಗೆ ಯಾರೂ ಬಾಯಿ ತೊಳೆಯುವ ಮೊದಲೇ ಎಲ್ಲರನ್ನೂ ಎಬ್ಬಿಸಿ, ಲ್ಯಾಬಿನಿಂದ ತಂದಿದ್ದ ಪ್ಲೇಟುಗಳ ಮುಂದೆ ಸಾಲಾಗಿ ಕೂರಿಸಿದೆ. ನಮ್ಮ ವಿಧಾನ ಸುಲಭದ್ದು. ಐಸ್‌ಕ್ರೀಮ್ ಕಡ್ಡಿಯಂಥ ಚಪ್ಪಟೆ ಮರದ ಪಟ್ಟಿಯನ್ನು ಬಾಯಲ್ಲಿ ಹತ್ತು ಸಲ ತಿರುಗಿಸಿ, ಎರಡೂ ಮಗ್ಗುಲನ್ನು ಪ್ಲೇಟಿನ ಮೇಲೆ ಒತ್ತಬೇಕು. ಪ್ಲೇಟಿನಲ್ಲಿರುವ ನೀಲಿ ಲೋಳೆಯಲ್ಲಿ ಸಕ್ಕರೆಯೂ ಇದೆ, ಬೇರೆ ಕ್ರಿಮಿಗಳನ್ನು ತಡೆಯುವ ಔಷಧವೂ ಇದೆ. ನಮಗೆ ಬೇಕಾದ್ದೊಂದೇ ಬೆಳೆಯುತ್ತದೆ.

ಅತ್ತೆ ತಮ್ಮ ಸರದಿ ಬಂದಾಗ ಬಾಯಿ ಅಗಲಿಸಿದರು. ಬರಿಯ ಒಸಡು. ಕೊನೆಯ ಹಲ್ಲು ಹೋಗಿ ಐದು ವರ್ಷವಾಗಿತ್ತು. ಕಟ್ಟಿಸಿಕೊಟ್ಟ ಹಲ್ಲಿನ ಸೆಟ್ಟು ಚುಚ್ಚುತ್ತದೆಂದು ಒಂದು ದಿನವೂ ಹಾಕಿದವರಲ್ಲ.

"ಹಲ್ಲೇ ಇಲ್ಲ ನನಗೆ. ಏನು ಸಿಗುತ್ತೋ ನೋಡಮ್ಮಾ," ಎಂದರು.

"ಬಾಯಿದ್ರೆ ಸಾಕು," ಎಂದೆ.

ಇನ್ನು ಶುಕ್ರವಾರದ ಕಥೆ ಏನು ಹೇಳಲಿ. ಪ್ಲೇಟುಗಳನ್ನು ಒಂದು ದೊಡ್ಡ ಗಾಜಿನ ಭರಣಿಯಲ್ಲಿ ಪೇರಿಸಿ, ಮೇಲೆ ಮೇಣದ ಬತ್ತಿ ಹಚ್ಚಿಟ್ಟು, ಮುಚ್ಚಳ ಬಿಗಿ ಮಾಡಿ ಬೆಚ್ಚಗಿನ ಪೆಟ್ಟಿಗೆಯಲ್ಲಿ ಇಡುತ್ತೇವೆ. ಬತ್ತಿ ಸ್ವಲ್ಪ ಹೊತ್ತು ಉರಿದು ತಾನಾಗಿ ಆರುತ್ತದೆ. ಆಗ ಒಳಗೆ ಉಳಿಯುವ ಗಾಳಿ ಈ ಕ್ರಿಮಿಗೆ ಹಿತ. ಮುಚ್ಚಳ ತೆಗೆದರೆ ಎಲ್ಲ ಮೊದಲಿನಿಂದ. ನಾನು ಮೊದಲೆರಡು ಸಲ ಪೆಟ್ಟಿಗೆಯ ಬಾಗಿಲು ತೆರೆದು ಭರಣಿಯನ್ನು ಹೊರಗಿನಿಂದಲೇ ನೋಡಿದೆ. ಮೂರನೇ ಸಲ ತಡೆಯಲಾಗದೆ ಮುಚ್ಚಳಕ್ಕೇ ಕೈ ಹಾಕಿದೆ. ಇಪ್ಪತ್ತೆಂಟು ಗಂಟೆಗೆ ಏನು ಕಾಣುತ್ತದೆ, ಮಣ್ಣು! ಮತ್ತೆ ಬತ್ತಿ ಹಚ್ಚಿದೆ. ಅವಸರದಲ್ಲಿ ಎರಡು ಬೆಂಕಿಕಡ್ಡಿ ದಂಡವಾಯಿತು.

"ಏನಮ್ಮಾ, ಬಾಲ ಸುಟ್ಟ ಬೆಕ್ಕಿನ ಹಾಗೆ ಓಡಾಡ್ತಾ ಇದ್ದೀಯ?" ಎಂದರು ಗಡಿಯಾರ ಸಾರ್. ಅವರು ನಮ್ಮ ಲ್ಯಾಬಿನ ಹಿರಿಯ ಟೆಕ್ನಿಷಿಯನ್. ನಲವತ್ತೆಂಟು ಗಂಟೆ ಅಂದರೆ ನಲವತ್ತೆಂಟು ಗಂಟೆ, ಒಂದು ನಿಮಿಷ ಆಚೀಚೆ ಆಗಕೂಡದು. ಅದಕ್ಕೇ ಆ ಹೆಸರು.

"ಏನಿಲ್ಲ ಸಾರ್, ಸ್ವಲ್ಪ ಸೆಖೆ," ಎಂದೆ. ಏಸಿ ಓಡುತ್ತಿತ್ತು.

ಅವತ್ತು ದ್ರವ ಅಳೆಯುವ ಒಂದು ಗಾಜಿನ ಪಿಪೆಟ್ ಒಡೆದೆ, ಶಾಲೆಯ ಎರಡು ಪ್ಲೇಟುಗಳ ಚೀಟಿ ಅದಲುಬದಲು ಮಾಡಿ ಮತ್ತೆ ಸರಿಪಡಿಸಿದೆ, ಮನೆಗೆ ನಾಲ್ಕು ಸಲ ಫೋನು ಮಾಡಿ ಏನು ಕೇಳಬೇಕೆಂದು ತೋಚದೆ ಇಟ್ಟೆ. ಸಂಜೆ ಗುಬ್ಬಿಯನ್ನು ನಾನೇ ಊಟಕ್ಕೆ ಕೂರಿಸಿದೆ. ಅವಳು ತುತ್ತನ್ನು ಊದಿದ ಕೆನ್ನೆಯ ಕಡೆ ಇಟ್ಟುಕೊಂಡು ನುಂಗದೆ ನನ್ನನ್ನೇ ನೋಡುತ್ತಿದ್ದಳು. ನಾನು ಗದರಿಸಿದೆ. ತಟ್ಟೆಗೆ ಉಗುಳಿದಳು. ಪಕ್ಕದ ಕೋಣೆಯಲ್ಲಿ ಅತ್ತೆ ಸೀರೆಗಳನ್ನು ಮಡಿಸಿ ಬ್ಯಾಗಿಗೆ ತುಂಬುತ್ತಿದ್ದರು. ಅಲ್ಲಿಂದಲೇ, ಯಾರಿಗೋ ಹೇಳುವ ಹಾಗೆ, "ಉಪ್ಪು ಜಾಸ್ತಿಯಾಗಿರ್ಬೇಕು," ಎಂದರು. ಬಾಯಿಗಿಟ್ಟು ನೋಡಿದೆ. ಹೌದು, ಉಪ್ಪು ಕೈಮೀರಿತ್ತು. ಮಗುವಿನ ಮುಖ ನೋಡಿಯೇ ಹೇಳಿದ್ದರು. ಅದಕ್ಕೂ ನನಗೆ ಸಿಟ್ಟು ಬಂತು.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಐದು ನಿಮಿಷವಿರುವಾಗಲೇ ಭರಣಿಯ ಮುಚ್ಚಳ ತೆಗೆದೆ. ಶಾಲೆ ಮಕ್ಕಳದನ್ನೆಲ್ಲ ಬದಿಗಿಟ್ಟು ನಮ್ಮ ಮನೆಯ ನಾಲ್ಕನ್ನು ದೀಪದ ಕೆಳಗೆ ಸಾಲಾಗಿ ಜೋಡಿಸಿದೆ. ಗಂಡನದರಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕೆ, ಇಪ್ಪತ್ತು ದಾಟುವುದಿಲ್ಲ. ಗುಬ್ಬಿಯದರಲ್ಲಿ ಎಣಿಸಲು ಜಾಗವೇ ಇಲ್ಲ. ಸಾಸಿವೆಗಿಂತ ಸಣ್ಣ ಕಡುನೀಲಿ ಗುಂಡುಗಳು ಒಂದರ ಮೇಲೊಂದು ಬಿದ್ದುಕೊಂಡು, ಪಟ್ಟಿ ಒತ್ತಿದ ಗುರುತನ್ನು ಪೂರ್ತಿ ತುಂಬಿದ್ದವು. ಆಮೇಲೆ ಅತ್ತೆಯದನ್ನು ಎತ್ತಿದೆ.

ಖಾಲಿ. ಓರೆ ಮಾಡಿ ಬೆಳಕಿಗೆ ಹಿಡಿದೆ. ಭೂತಗನ್ನಡಿ ಇಟ್ಟೆ. ಪಟ್ಟಿ ಒತ್ತಿದ ತೆಳು ಗೆರೆ ಬಿಟ್ಟರೆ ಏನೂ ಇಲ್ಲ. ಒತ್ತಿದ್ದು ಸರಿಯಾಗಿಲ್ಲವೇನೋ, ಬತ್ತಿ ಸರಿಯಾಗಿ ಉರಿಯಲಿಲ್ಲವೇನೋ, ನಾನೇ ಮಧ್ಯ ತೆರೆದು ಕೆಡಿಸಿದೆನೇನೋ. ಆದರೆ ಒಂದೇ ಭರಣಿ, ಒಂದೇ ಬತ್ತಿ. ಮಿಕ್ಕವೆಲ್ಲ ಬೆಳೆದಿದ್ದವು.

ಹಿಂದಿನಿಂದ ಗಡಿಯಾರ ಸಾರ್ ಬಗ್ಗಿ ನೋಡಿದರು. "ಇದೇನಮ್ಮಾ, ಇವತ್ತು ಕಂಟ್ರೋಲ್ ಎರಡು ಇಟ್ಟಿದ್ದೀಯ?"

ಕಂಟ್ರೋಲ್ ಅಂದರೆ ಖಂಡಿತ ಬೆಳೆದೇ ಬೆಳೆಯುತ್ತದೆ ಎಂದು ಗೊತ್ತಿರುವ ಪ್ಲೇಟು. ಅದೂ ಬೆಳೆಯದಿದ್ದರೆ ಆ ದಿನದ ಕೆಲಸವೆಲ್ಲ ದಂಡ ಎಂದರ್ಥ. ಆರು ವರ್ಷದ ಹಿಂದೆ ಲ್ಯಾಬಿನವರೆಲ್ಲ ತಮಾಷೆಗೆ ತಮ್ಮ ತಮ್ಮ ಎಂಜಲು ಇಟ್ಟು ನೋಡಿದ್ದರು. ಎಲ್ಲರಿಗಿಂತ ದಟ್ಟವಾಗಿ ಬೆಳೆದದ್ದು ನನ್ನದು. ಅಂದಿನಿಂದ ಪ್ರತಿ ಸರದಿಗೂ ಕಂಟ್ರೋಲ್ ನನ್ನ ಬಾಯಿಯೇ. ವಿದ್ಯಾರ್ಥಿಗಳಿಗೆ ತೋರಿಸುವಾಗ, "ನೋಡ್ರಪ್ಪಾ, ಬೆಳೆ ಅಂದ್ರೆ ಹೀಗಿರ್ಬೇಕು," ಎಂದು ನಾನೇ ಜಂಬದಿಂದ ಎತ್ತಿ ಹಿಡಿಯುತ್ತಿದ್ದೆ. ನನ್ನ ಹಲ್ಲು ಗಟ್ಟಿ, ಎರಡೇ ಎರಡು ಕಡೆ ಸಿಮೆಂಟು ತುಂಬಿದೆ. ಹಾಗಾಗಿ ಅದು ನನಗೆ ರೋಗ ಎಂದು ಅನಿಸಿಯೇ ಇರಲಿಲ್ಲ. ಅದು ಆಫೀಸಿನ ವಸ್ತು, ಬೀರುವಿನಲ್ಲಿರುವ ತಕ್ಕಡಿಯ ಹಾಗೆ.

ಗಡಿಯಾರ ಸಾರ್ ಕಣ್ಣಿಗೆ ಎರಡೂ ನನ್ನವೇ ಅನಿಸುವಷ್ಟು ಒಂದೇ ಥರ ಇದ್ದವು ನನ್ನ ಪ್ಲೇಟು, ಗುಬ್ಬಿಯ ಪ್ಲೇಟು.

"ಇದು ನಂದಲ್ಲ ಸಾರ್. ಮಗಳದು," ಎಂದೆ. "ಈ ಖಾಲಿದು ನಮ್ಮತ್ತೇದು. ಇದ್ಯಾಕೆ ಹೀಗೆ?"

"ಅವರಿಗೆ ಹಲ್ಲಿದ್ಯಾ?"

"ಇಲ್ಲ."

"ಮತ್ತೆ? ಈ ಕ್ರಿಮಿಗೆ ಅಂಟಿಕೊಳ್ಳೋಕೆ ಗಟ್ಟಿ ಜಾಗ ಬೇಕು. ಹಲ್ಲು ಹೋದ್ರೆ ಇದೂ ಹೋಗುತ್ತೆ. ಪ್ರತಿ ವರ್ಷ ಹುಡುಗರಿಗೆ ಈ ಪಾಠ ಹೇಳೋಳು ನೀನೇ ಅಲ್ವೇನಮ್ಮಾ?"

ನಾನೇ. ಕಪ್ಪು ಹಲಗೆಯ ಮೇಲೆ ಚಿತ್ರ ಬರೆದು ಹೇಳುವವಳು ನಾನೇ. ಅತ್ತೆಯ ಬೋಳು ಒಸಡಿನ ಮೇಲೆ ಪಟ್ಟಿಯನ್ನು ಹತ್ತು ಸಲ ತಿರುಗಿಸಿದವಳೂ ನಾನೇ. ಕೋಪದಲ್ಲಿ ಕಣ್ಣು ಕಾಣಲಿಲ್ಲ.

ಅವರು ನನ್ನ ಮುಖ ನೋಡಿ ಸ್ವಲ್ಪ ಮೆತ್ತಗಾದರು. "ಎರಡೂ ಒಂದೇ ತಳಿ ಅಂತ ಬರೀ ಪ್ಲೇಟು ನೋಡಿ ಹೇಳೋಕಾಗಲ್ಲ. ಅದೂ ಅಲ್ದೆ ಬರೀ ಕ್ರಿಮಿಯಿಂದ ಹಲ್ಲು ಹೋಗಲ್ಲ. ಅದಕ್ಕೆ ದಿನಾ ತಿನ್ನೋಕೆ ಸಕ್ಕರೆ ಸಿಕ್ಕಿರ್ಬೇಕು."

ಅವರು ಸಮಾಧಾನಕ್ಕೆ ಹೇಳಿದ್ದು ನನಗೆ ಎರಡನೇ ಏಟಾಯಿತು. ಮೂರು ವರ್ಷದ ತನಕ ಗುಬ್ಬಿ ಮಲಗುತ್ತಿದ್ದದ್ದು ಬಾಯಲ್ಲಿ ಸಕ್ಕರೆ ಹಾಲಿನ ಬಾಟಲಿ ಇಟ್ಟುಕೊಂಡೇ. ಇಟ್ಟವಳು ನಾನು. "ಬಾಟ್ಲಿ ಬಿಡ್ಸೇ, ಒಂದು ವಾರ ಅತ್ತು ಸುಮ್ನಾಗ್ತಾಳೆ," ಎಂದು ಅತ್ತೆ ಎಷ್ಟು ಸಲ ಹೇಳಿದ್ದರೋ. "ನಾನು ಬೆಳಿಗ್ಗೆ ಬೇಗ ಏಳ್ಬೇಕು ಅತ್ತೆ," ಎಂದು ಅವರ ಬಾಯಿ ಮುಚ್ಚಿಸುತ್ತಿದ್ದೆ. ಬಾಟಲಿ ಕೊಡುವ ಮೊದಲು ಬಿಸಿ ನೋಡಲು ಅದರ ರಬ್ಬರನ್ನು ನಾನೇ ಒಂದು ಗುಟುಕು ಚೀಪುತ್ತಿದ್ದೆ. ಬಸ್ಸಿನಲ್ಲಿ ಕೆಳಗೆ ಬಿದ್ದ ಚೀಪುರಬ್ಬರನ್ನು ತೊಳೆಯಲು ನೀರಿಲ್ಲದಾಗ ನನ್ನ ಬಾಯಲ್ಲೇ ಚೊಕ್ಕ ಮಾಡಿ ಮಗುವಿನ ಬಾಯಿಗಿಟ್ಟಿದ್ದೆ. ಸೇಬನ್ನು ಕಚ್ಚಿ ಚೂರು ಮಾಡಿ ಕೊಟ್ಟಿದ್ದೆ. ಒಂದೊಂದಾಗಿ ನೆನಪಾಗುತ್ತಾ ಹೋದವು, ನಿಲ್ಲಿಸಲು ಆಗಲಿಲ್ಲ.

ನಾಚಿಕೆ ಬಿಟ್ಟು ಹೇಳುತ್ತೇನೆ, ಆಮೇಲೆ ನನಗೆ ಬಂದ ಮೊದಲ ಯೋಚನೆ ಸತ್ಯ ಹೇಳಬೇಕೆಂಬುದಲ್ಲ. ನಾಲ್ಕು ಪ್ಲೇಟುಗಳನ್ನೂ ಕೆಂಪು ಚೀಲಕ್ಕೆ ಹಾಕಿ, ಹಬೆಯ ಯಂತ್ರಕ್ಕೆ ತಳ್ಳಿದರೆ ಅರ್ಧ ಗಂಟೆಯಲ್ಲಿ ಒಳಗೆ ಬೆಳೆದದ್ದೆಲ್ಲ ಕರಗಿ ನೀರಾಗುತ್ತಿತ್ತು. ಪ್ಲೇಟು ಕೆಟ್ಟವು, ಏನೂ ಗೊತ್ತಾಗಲಿಲ್ಲ ಎಂದರೆ ಸಾಕು. ಮನೆಯಲ್ಲಿ ಯಾರಿಗೆ ತಿಳಿಯುತ್ತದೆ? ಚೀಲಕ್ಕೆ ಹಾಕಿದೆ. ಯಂತ್ರಕ್ಕೂ ತಳ್ಳಿದೆ. ಹೇಗೂ ಕೆಲಸ ಮುಗಿದ ಪ್ಲೇಟುಗಳಿಗೆ ಅದೇ ದಾರಿ, ಅದು ನಿಯಮ ಎಂದು ನನಗೆ ನಾನೇ ಹೇಳಿಕೊಂಡೆ.

ಬಸ್ಸಿಳಿಯುವ ಮೊದಲೇ ಗಂಡನ ಫೋನು. "ಏನು ಬಂತು?"

"ಮನೆಗೆ ಬಂದು ಹೇಳ್ತೀನಿ."

"ಬರುತ್ತಾ ಇದ್ದೀಯ ತಾನೆ? ಅಮ್ಮ ಆಗ್ಲೇ ಚಪ್ಪಲಿ ಹಾಕ್ಕೊಂಡು ಕೂತಿದ್ದಾಳೆ."

ಎರಡು ಸ್ಟಾಪು ಮೊದಲೇ ಇಳಿದು ನಡೆದೆ. ನಡೆಯುತ್ತಾ ಸುಳ್ಳನ್ನು ಮನಸ್ಸಿನಲ್ಲೇ ಬಾಯಿಪಾಠ ಮಾಡಿದೆ. ಮೇಣದ ಬತ್ತಿ ಸರಿಯಾಗಿ ಉರಿಯಲಿಲ್ಲ. ಬತ್ತಿ ಹಳೆಯದು. ಒಂದು ಸಲ ಅನುಕಂಪದ ದನಿಯಲ್ಲಿ, ಒಂದು ಸಲ ಬೇಸರದ ದನಿಯಲ್ಲಿ. ಯಾವ ದನಿಯೂ ನನಗೇ ಹಿಡಿಸಲಿಲ್ಲ.

ನಾಲ್ಕಕ್ಕೆ ಹತ್ತು ನಿಮಿಷವಿತ್ತು. ನಾದಿನಿಯ ಕಾರು ಕೆಳಗೆ ಬಂದು ನಿಂತಾಗಿತ್ತು. ಮೂರು ಮಹಡಿ ಹತ್ತಿ ಬಾಗಿಲು ತೆರೆದರೆ ಅತ್ತೆ ಬ್ಯಾಗು ಪಕ್ಕದಲ್ಲಿಟ್ಟುಕೊಂಡು ಹೊಸ್ತಿಲ ಬಳಿಯೇ ನಿಂತಿದ್ದರು. ಗಂಡ ಗೋಡೆಗೊರಗಿ ನನ್ನನ್ನು ನೋಡಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಮಂಡಿಯ ಮೇಲೆ ಕೈಯೂರಿ ಗುಬ್ಬಿಯ ಕಡೆ ಬಗ್ಗಿದರು.

"ಎಲ್ಲಿ, ಅಜ್ಜಿಗೊಂದು ಮುತ್ತು ಕೊಡು, ಹೊರಡ್ತೀನಿ."

ಗುಬ್ಬಿ ಎರಡೂ ಅಂಗೈಯನ್ನು ತನ್ನ ಬಾಯಿಗೆ ಒತ್ತಿಕೊಂಡು ಹಿಂದೆ ಸರಿದಳು. ಬೆರಳ ಸಂದಿಯಿಂದ ಮಾತು ಬಂತು. "ಬೇಡ ಅಜ್ಜಿ. ನಿನ್ನ ಬಾಯಲ್ಲಿ ಹುಳ ಇದೆ. ಅಮ್ಮ ಹೇಳಿದ್ಲು."

ಅತ್ತೆ ಸೆರಗಿನ ತುದಿಯನ್ನು ತಮ್ಮ ಬಾಯಿಗೆ ಅಡ್ಡ ಹಿಡಿದರು. "ಹೌದಲ್ವಾ," ಎಂದರು. "ಮರೆತೇಬಿಟ್ಟಿದ್ದೆ ನೋಡು." ಮಗುವಿನ ಕೂದಲನ್ನು ಬೆರಳ ತುದಿಯಿಂದ ಸವರಿ ಬ್ಯಾಗಿಗೆ ಕೈ ಹಾಕಿದರು.

ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದು ಒಂದಕ್ಷರವೂ ನೆನಪಿಗೆ ಬರಲಿಲ್ಲ.

"ಇಲ್ಲ," ಎಂದೆ. "ಅಜ್ಜಿ ಬಾಯಲ್ಲಿಲ್ಲ."

"ಹೊರಡೋ ಹೊತ್ತಲ್ಲಿ ನನ್ನ ಸಮಾಧಾನಕ್ಕೆ ಮಗು ಹತ್ರ ಸುಳ್ಳು ಯಾಕಮ್ಮಾ?" ಎಂದರು ಅತ್ತೆ ನನ್ನ ಕಡೆ ತಿರುಗದೆ.

"ಸುಳ್ಳಲ್ಲ ಅತ್ತೆ. ನಿಮ್ಮ ಪ್ಲೇಟು ಖಾಲಿ. ಒಂದು ಚುಕ್ಕೆ ಇಲ್ಲ. ತುಂಬಿ ತುಳುಕ್ತಿರೋದು ನಂದು." ನೆಲದ ಮೇಲೆ ಮಂಡಿಯೂರಿ ಗುಬ್ಬಿಯ ಮುಖಕ್ಕೆ ಮುಖ ಕೊಟ್ಟೆ. "ಗುಬ್ಬೀ, ಅಮ್ಮ ತಪ್ಪು ಹೇಳಿದ್ದು. ಹುಳ ಇರೋದು ಅಮ್ಮನ ಬಾಯಲ್ಲಿ. ಅಮ್ಮನಿಂದಾನೇ ನಿಂಗೆ ಬಂದಿರೋದು. ಅಜ್ಜಿಯಿಂದ ಅಲ್ಲ."

ಕೆಳಗೆ ನಾದಿನಿ ಹಾರನ್ ಒತ್ತಿದಳು. ಗುಬ್ಬಿ ನನ್ನ ಬಾಯಿಯನ್ನು ನೋಡಿದಳು, ಅಜ್ಜಿಯ ಬಾಯಿಯನ್ನು ನೋಡಿದಳು, ಮತ್ತೆ ನನ್ನದನ್ನು ನೋಡಿದಳು. ಆಮೇಲೆ ಅಂಗೈ ತೆಗೆದು, ಅಜ್ಜಿಯ ಹತ್ತಿರ ಹೋಗಿ, ಊದಿದ ಕೆನ್ನೆಯನ್ನು ಪಕ್ಕಕ್ಕೆ ತಿರುಗಿಸಿಕೊಂಡು ತುಟಿ ಚೂಪು ಮಾಡಿ ಕೊಟ್ಟಳು. ಅತ್ತೆ ಮುತ್ತಿಟ್ಟರು.

ನಾನು ಕೈ ಚಾಚಿದೆ. ಗುಬ್ಬಿ ತಿರುಗಿ ನೋಡಿ, ಎರಡೂ ಅಂಗೈಯನ್ನು ಮತ್ತೆ ಬಾಯಿಗೆ ಒತ್ತಿಕೊಂಡಳು.

ಅತ್ತೆ ಏನು ಬೇಕಾದರೂ ಅನ್ನಬಹುದಿತ್ತು. ಅನ್ನಲಿ ಎಂದೇ ಕಾದಿದ್ದೆ, ಅಂದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವರು ಕಿಟಕಿಯ ಬಳಿ ಹೋಗಿ ಬಗ್ಗಿ ಕೆಳಗಿದ್ದ ನಾದಿನಿಗೆ, "ಇವತ್ತು ನೀನು ಹೋಗಮ್ಮಾ. ಸೋಮವಾರ ಮಗೂಗೆ ಆಪರೇಷನ್ನು. ಆಮೇಲೆ ನೋಡೋಣ," ಎಂದರು. ಬ್ಯಾಗನ್ನು ಒಳಗೆ ಒಯ್ಯಲಿಲ್ಲ. ಅಲ್ಲೇ ಬಾಗಿಲ ಬಳಿ ಬಿಟ್ಟರು.

"ಎರಡು ವಾರ ಆಯ್ತು, ನಾನು ಈ ಮಗೂನ ಮುಟ್ಟಿ," ಎಂದರು ನನಗೆ. "ನಿನ್ನ ಗಾಜಿನ ತಟ್ಟೆ ಹೇಳೋ ತನಕ ನಿಂಗೆ ನಾನು ಯಾರು ಅಂತ ಗೊತ್ತಿರಲಿಲ್ವಾ?"

ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳುವುದೂ ತಿಳಿಯದೆ ನೆಲದ ಮೇಲೆಯೇ ಕೂತಿದ್ದೆ. ಅತ್ತೆ ಗುಬ್ಬಿಯ ಭುಜ ಹಿಡಿದು, ಅವಳ ಬೆನ್ನು ನನ್ನ ಕಡೆಗೆ ಬರುವ ಹಾಗೆ ತಿರುಗಿಸಿ ನಿಲ್ಲಿಸಿದರು.

"ನೆತ್ತಿ ಮೇಲೆ ಕೊಡು," ಎಂದರು. "ಅಲ್ಲಿ ಹಲ್ಲಿಲ್ಲ."

ನಾನು ತುಟಿ ಬಿಗಿದು ನನ್ನ ಮಗಳ ನೆತ್ತಿಗೆ ಮುತ್ತಿಟ್ಟೆ. ಅವಳು ಬಾಯಿಯ ಮೇಲಿಂದ ಕೈ ತೆಗೆಯದೆ, ಅಲುಗಾಡದೆ, ನಾನು ಮುಗಿಸುವ ತನಕ ನಿಂತಿದ್ದಳು.